ನೀಲಿ ಪಂಪಿನ ಚರಿತ್ರೆ



ಮೂವತ್ತು ವರ್ಷಗಳಿಗೂ ಮಿಗಿಲಾಗಿ ಸಮಾಜ ವಿಜ್ಞಾನವನ್ನು ಬೋಧಿಸಿದ ನನಗೆ ರಾಜರ ಪಟ್ಟಾಭಿಷೇಕದ ಇಸವಿಗಳಿಗಿಂತ ವಸ್ತುಗಳ ಚರಿತ್ರೆಯೇ ಹೆಚ್ಚು ರುಚಿಸುತ್ತಿತ್ತೆಂಬುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕಾಳುಮೆಣಸು, ಉಪ್ಪು, ರೇಷ್ಮೆ ಇವುಗಳ ಕಥೆಗಳನ್ನು ತರಗತಿಯಲ್ಲಿ ಹೇಳಿದ್ದೇನೆ. ಇಂದು ಬರೆಯಹೊರಟಿರುವುದು ಅಂಗಿಯ ಜೇಬಿನಲ್ಲಿ ಹಿಡಿಸುವ ಒಂದು ಪುಟ್ಟ ವಸ್ತುವಿನ ಚರಿತ್ರೆ. ಅಸ್ತಮಾ ಇರುವವರು ಬಾಯಿಗಿಟ್ಟು ಒತ್ತುವ ಇನ್ಹೇಲರ್, ನಮ್ಮ ತಿಲಕ್ ನಗರದ ಆಡುಮಾತಿನಲ್ಲಿ ಬರೀ 'ಪಂಪು'.

ಇದನ್ನು ಬರೆಯಲು ಪ್ರೇರಣೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಈಗ ಅವನಿಗೂ ನಲವತ್ತೈದು ದಾಟಿದೆ. ಸ್ವಾಗತ್ ರಸ್ತೆಯಲ್ಲಿ ಸಿಕ್ಕವನು ಮಾತಿನ ನಡುವೆ ಜೇಬಿನಿಂದ ನೀಲಿ ಪಂಪನ್ನು ತೆಗೆದು ಎರಡು ಬಾರಿ ಒತ್ತಿಕೊಂಡು, "ಮೇಷ್ಟ್ರೇ, ಇದೊಂದಿದ್ದರೆ ನನಗೆ ಯಾವ ಡಾಕ್ಟರೂ ಬೇಡ. ತಿಂಗಳಿಗೆ ಎರಡು ಸಾಕು" ಎಂದನು. ವೈದ್ಯರು ಹಿಂದೊಮ್ಮೆ ಬೇರೊಂದು ಪಂಪನ್ನೂ ಬರೆದುಕೊಟ್ಟಿದ್ದರಂತೆ; ಅದನ್ನು ಸೇದಿದರೆ ಏನೂ ಆದಂತೆ ಅನ್ನಿಸಲಿಲ್ಲವೆಂದು ಬಿಟ್ಟನಂತೆ. ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಡಬ್ಬಿಯಲ್ಲಿ 200 ಒತ್ತು. ತಿಂಗಳಿಗೆ ಎರಡೆಂದರೆ 400. ದಿನಕ್ಕೆ 13ಕ್ಕೂ ಹೆಚ್ಚು. ಈ ಸಂಖ್ಯೆಯ ಅರ್ಥವೇನೆಂಬುದನ್ನು ತಿಳಿಯಲು ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ರೋಗವಂತೂ ಹೊಸದಲ್ಲ. ನಮ್ಮ ಹಿರಿಯರು ಗೂರಲು, ಉಬ್ಬಸ, ದಮ್ಮು ಎಂದು ಕರೆಯುತ್ತಿದ್ದುದನ್ನೇ ಚರಕಸಂಹಿತೆಯು ತಮಕಶ್ವಾಸವೆಂದು ವರ್ಣಿಸುತ್ತದೆ. ಮಲಗಿದರೆ ಉಸಿರು ಕಟ್ಟುವುದು, ಎದ್ದು ಕುಳಿತರೆ ಹಾಯೆನಿಸುವುದು, ಮೋಡ ಕವಿದಾಗಲೂ ಮೂಡಣ ಗಾಳಿ ಬೀಸಿದಾಗಲೂ ಉಲ್ಬಣಿಸುವುದು, ಇವೆಲ್ಲವನ್ನೂ ಆ ಗ್ರಂಥ ಗುರುತಿಸಿದೆ. ಅದಕ್ಕಿಂತಲೂ ನನಗೆ ಮೆಚ್ಚುಗೆಯಾದದ್ದು ಅದು ಈ ರೋಗವನ್ನು 'ಯಾಪ್ಯ'ವೆಂದು ಕರೆದಿರುವುದು. ಅಂದರೆ ಬುಡಸಮೇತ ಕೀಳಲಾಗದಿದ್ದರೂ ನಿಭಾಯಿಸಿಕೊಂಡು ಬಾಳಬಹುದಾದದ್ದು. ಹೊಸದಾಗಿ ಬಂದದ್ದಾದರೆ ಗುಣವೂ ಆದೀತು. ನನ್ನ ಅಜ್ಜಿಗೆ ಗೂರಲಿತ್ತು. ಮಳೆಗಾಲದ ರಾತ್ರಿಗಳಲ್ಲಿ ನಡುಮನೆಯ ಕಂಬಕ್ಕೆ ದಿಂಬು ಒರಗಿಸಿಕೊಂಡು ಕುಳಿತೇ ಬೆಳಗು ಮಾಡುತ್ತಿದ್ದರು. ಆಡುಸೋಗೆಯ ಕಷಾಯ ಕಾಯಿಸುವುದು, ಬೆನ್ನು ನೀವುವುದು, ಇಷ್ಟೇ ಮನೆಯವರ ಕೈಲಾಗುತ್ತಿದ್ದುದು. ಆ ಉಸಿರಾಟದ ಸಿಳ್ಳಿನ ಶಬ್ದ ಈಗಲೂ ನನ್ನ ಕಿವಿಯಲ್ಲಿದೆ.

ಉಸಿರಿನ ಮೂಲಕವೇ ಔಷಧವನ್ನು ಒಳಗೆ ಕಳಿಸುವ ಉಪಾಯ ಪಶ್ಚಿಮಕ್ಕೆ ಹೋದದ್ದು ಭಾಗಶಃ ನಮ್ಮ ಕಡೆಯಿಂದಲೇ. ದತ್ತೂರಿ ಗಿಡದ ಭಾಗಗಳನ್ನು ಒಣಗಿಸಿ ಧೂಮಪಾನ ಮಾಡಿದರೆ ಉಬ್ಬಸ ಇಳಿಯುತ್ತದೆಂಬುದು ದಕ್ಷಿಣ ಭಾರತದಲ್ಲಿ ತಿಳಿದಿದ್ದ ಸಂಗತಿ. ಮದ್ರಾಸಿನಲ್ಲಿ ಕಂಪನಿಯ ವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್ ಇದನ್ನು ತನ್ನ ರೋಗಿಗಳಿಗೆ ಸೂಚಿಸುತ್ತಿದ್ದನು. ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಬ್ರಿಟನ್ನಿಗೆ ಒಯ್ದನು. ಮುಂದಿನ ನೂರು ವರ್ಷ ಯೂರೋಪಿನ ಅಂಗಡಿಗಳಲ್ಲಿ 'ಅಸ್ತಮಾ ಸಿಗರೇಟು'ಗಳು ಮಾರಾಟವಾದವು. ಉಬ್ಬಸಕ್ಕೆ ಸಿಗರೇಟು ಎಂದರೆ ಇಂದಿನ ಮಕ್ಕಳು ನಗುತ್ತಾರೆ. ಆದರೆ ದತ್ತೂರಿಯಲ್ಲಿರುವ ಅಟ್ರೋಪಿನ್ ಉಸಿರುನಾಳಗಳನ್ನು ಸಡಿಲಿಸುವುದು ನಿಜ. ಅದೇ ಗಿಡ ವಿಷವೆಂಬುದೂ ನಿಜ, ಆದ್ದರಿಂದ ಯಾರೂ ಪ್ರಯೋಗಕ್ಕೆ ಇಳಿಯಬಾರದು.

ಆಮೇಲೆ ಬಂದದ್ದು ಅಡ್ರಿನಲಿನ್. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಅದನ್ನು ಚುಚ್ಚುಮದ್ದಾಗಿ ಅಸ್ತಮಾಕ್ಕೆ ಕೊಡಲಾರಂಭಿಸಿದರು. ಬಳಿಕ ಚೀನಾದ ಮಾ ಹುವಾಂಗ್ ಗಿಡದಿಂದ ತೆಗೆದ ಎಫಿಡ್ರಿನ್, 1940ರ ದಶಕದಲ್ಲಿ ಐಸೊಪ್ರಿನಲಿನ್. ಇವನ್ನು ಗಾಜಿನ ಬುಡ್ಡಿ, ರಬ್ಬರ್ ಬಲ್ಬುಗಳ ನೆಬ್ಯುಲೈಜರಿನಿಂದ ಸೇದಬೇಕಿತ್ತು. ಬುಡ್ಡಿ ಒಡೆಯುತ್ತಿತ್ತು, ಪ್ರತಿಸಲ ಎಷ್ಟು ಔಷಧ ಹೋಯಿತೆಂಬ ಲೆಕ್ಕವೂ ಸಿಗುತ್ತಿರಲಿಲ್ಲ.

ಅಮೆರಿಕದ ರೈಕರ್ ಎಂಬ ಔಷಧ ಕಂಪನಿಯ ಮುಖ್ಯಸ್ಥನಾಗಿದ್ದವನು ಜಾರ್ಜ್ ಮೇಸನ್. ಅವನ ಹದಿಮೂರು ವರ್ಷದ ಮಗಳಿಗೆ ಅಸ್ತಮಾ. ಕೂದಲಿಗೆ ಹಾಕುವ ಸ್ಪ್ರೇ ಡಬ್ಬಿಯಲ್ಲಿ ಬರುತ್ತದೆ, ನನ್ನ ಔಷಧವೇಕೆ ಹಾಗೆ ಬರಬಾರದು ಎಂದು ಅವಳು 1955ರಲ್ಲಿ ಅಪ್ಪನನ್ನು ಕೇಳಿದಳಂತೆ. ಅಪ್ಪ ಆ ಪ್ರಶ್ನೆಯನ್ನು ತನ್ನ ಪ್ರಯೋಗಾಲಯಕ್ಕೆ ಒಯ್ದನು. ಒತ್ತಿದಾಗಲೆಲ್ಲ ಒಂದೇ ಅಳತೆಯ ಔಷಧವನ್ನು ಹೊರಬಿಡುವ ಡಬ್ಬಿ 1956ರ ಮಾರ್ಚಿಯಲ್ಲಿ ಮಾರುಕಟ್ಟೆಗೆ ಒಪ್ಪಿಗೆ ಪಡೆಯಿತು. ಮಕ್ಕಳು ಕೇಳುವ ಪ್ರಶ್ನೆಗಳನ್ನು ಗದರಿಸಬಾರದೆಂದು ನಾನು ಶಿಕ್ಷಕರ ಸಭೆಗಳಲ್ಲಿ ಈ ಉದಾಹರಣೆಯನ್ನು ಕೊಡುತ್ತಿದ್ದೆ.

ಹತ್ತು ವರ್ಷಗಳೊಳಗೆ ಭೀಕರವಾದದ್ದೊಂದು ನಡೆಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಸ್ತಮಾದಿಂದ ಸಾಯುವವರ ಸಂಖ್ಯೆ ಏಕಾಏಕಿ ಏರತೊಡಗಿತು. ಅದರಲ್ಲೂ ಎಳೆಯರು. ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ 1959ರಿಂದ 1966ರೊಳಗೆ ಸಾವಿನ ಪ್ರಮಾಣ ಹತ್ತಿರ ಹತ್ತಿರ ಎಂಟು ಪಟ್ಟಾಯಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ನಾರ್ವೆಗಳಲ್ಲೂ ಇದೇ ವರದಿ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿಕೊಟ್ಟ ರಿಚರ್ಡ್ ಡಾಲ್ ಮತ್ತು ಸಂಗಡಿಗರಾದ ಸ್ಪೈಜರ್, ಹೀಫ್ ಮೊದಲಾದವರು ಇದನ್ನು ಶೋಧಿಸಿ 1968ರಲ್ಲಿ ಪ್ರಕಟಿಸಿದರು. ರೋಗ ಹೆಚ್ಚಿರಲಿಲ್ಲ, ಅದನ್ನು ಗುರುತಿಸುವ ರೀತಿಯೂ ಬದಲಾಗಿರಲಿಲ್ಲ, ಬದಲಾದದ್ದು ಚಿಕಿತ್ಸೆ. ಒತ್ತು ಡಬ್ಬಿಗಳ ಮಾರಾಟ ಏರಿದ ಗೆರೆಯೂ ಸಾವುಗಳು ಏರಿದ ಗೆರೆಯೂ ಒಟ್ಟಿಗೇ ಸಾಗಿದ್ದವು. ಆ ಕಾಲದಲ್ಲಿ ಬ್ರಿಟನ್ನಿನಲ್ಲಿ ಈ ಡಬ್ಬಿಯನ್ನು ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಳ್ಳಬಹುದಿತ್ತು. 1967ರಲ್ಲಿ ಸರ್ಕಾರದ ಔಷಧ ಸುರಕ್ಷಾ ಸಮಿತಿ ವೈದ್ಯರಿಗೆ ಎಚ್ಚರಿಕೆ ನೀಡಿತು. 1968ರಲ್ಲಿ ಚೀಟಿ ಕಡ್ಡಾಯವಾಯಿತು. ಸಾವುಗಳು ಇಳಿದವು.

ಇಲ್ಲಿ ಚರಿತ್ರೆಯ ವಿದ್ಯಾರ್ಥಿ ನಿಂತು ಯೋಚಿಸಬೇಕು. ಎರಡು ಗೆರೆಗಳು ಒಟ್ಟಿಗೆ ಏರಿದವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಈ ಪ್ರಶ್ನೆಗೆ ಪಾಲ್ ಸ್ಟಾಲಿ ಎಂಬ ಅಮೆರಿಕದ ವೈದ್ಯ 1972ರಲ್ಲಿ ಒಂದು ಜಾಣ ಉತ್ತರ ಕೊಟ್ಟನು. ಸಾವು ಏರಿದ ದೇಶಗಳಲ್ಲಿ ಸಾಮಾನ್ಯಕ್ಕಿಂತ ಐದು ಪಟ್ಟು ಪ್ರಬಲವಾದ 'ಫೋರ್ಟ್' ಡಬ್ಬಿ ಮಾರಾಟವಾಗುತ್ತಿತ್ತು. ಅದು ದೊರೆಯದ ಅಮೆರಿಕ, ಕೆನಡಾಗಳಲ್ಲಿ ಸಾವುಗಳು ಏರಿರಲಿಲ್ಲ. ಹಾಗಿದ್ದರೂ ಔಷಧವೇ ಕೊಂದಿತೋ, ಅಥವಾ ಔಷಧದಿಂದ ಸಿಕ್ಕ ಕ್ಷಣಿಕ ಹಾಯಿಯನ್ನು ನಂಬಿ ಜನ ಆಸ್ಪತ್ರೆಗೆ ಹೋಗುವುದನ್ನು ತಡಮಾಡಿದರೋ ಎಂಬ ವಾದ ಬಹುಕಾಲ ನಡೆಯಿತು. ನನ್ನ ಓದಿನ ಮಟ್ಟಿಗೆ ಎರಡರಲ್ಲೂ ಹುರುಳಿದೆ.

1969ರಲ್ಲಿ ಬ್ರಿಟನ್ನಿನಲ್ಲಿ ಸಾಲ್ಬುಟಮಾಲ್ ಬಂದಿತು. ಡೇವಿಡ್ ಜ್ಯಾಕ್ ನೇತೃತ್ವದಲ್ಲಿ ರೂಪುಗೊಂಡ ಇದು ಹೃದಯಕ್ಕೆ ಅಷ್ಟಾಗಿ ತೊಂದರೆ ಕೊಡದೆ ಉಸಿರುನಾಳವನ್ನೇ ಗುರಿಯಾಗಿಸಿಕೊಂಡ ಔಷಧ. ನಾವಿಂದು ನೀಲಿ ಪಂಪು ಎನ್ನುವುದು ಇದನ್ನೇ. ಅದೇ ತಂಡ 1972ರಲ್ಲಿ ಉಸಿರಿನಲ್ಲಿ ಸೇದುವ ಸ್ಟಿರಾಯ್ಡ್ ಔಷಧವನ್ನೂ, ಅಂದರೆ ಬೆಕ್ಲೊಮೆಥಸೋನನ್ನು, ಹೊರತಂದಿತು. ಎರಡರಲ್ಲಿ ಮೊದಲನೆಯದು ಮನೆಮಾತಾಯಿತು, ಎರಡನೆಯದು ಮೂಲೆಗೆ ಸೇರಿತು. ಕಾರಣ ಸರಳ. ಅಸ್ತಮಾದಲ್ಲಿ ಉಸಿರುನಾಳದ ಒಳಪದರ ಊದಿಕೊಂಡು ಉರಿಯೂತದಿಂದ ಕೂಡಿರುತ್ತದೆ. ಅದರ ಸುತ್ತಲಿನ ಸ್ನಾಯು ಆಗಾಗ್ಗೆ ಬಿಗಿಯುತ್ತದೆ. ನೀಲಿ ಪಂಪು ಸ್ನಾಯುವಿನ ಬಿಗಿತವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ, ಆದರೆ ಒಳಗಿನ ಊತವನ್ನು ಮುಟ್ಟುವುದಿಲ್ಲ. ಸ್ಟಿರಾಯ್ಡ್ ಊತವನ್ನು ಇಳಿಸುತ್ತದೆ, ಆದರೆ ದಿನಗಟ್ಟಲೆ, ವಾರಗಟ್ಟಲೆ ತಪ್ಪದೆ ಸೇದಬೇಕು. ಸೇದಿದ ಗಳಿಗೆಯಲ್ಲಿ ಏನೂ ಅನಿಸದು. ಬಾವಿಯ ನೀರು ಕೆಟ್ಟಾಗ ಬಾವಿಯನ್ನು ತೊಳೆಸದೆ ದಿನವೂ ನೀರನ್ನು ಸೋಸಿ ಕುಡಿದಂತೆ ನಮ್ಮ ಜನ ನೀಲಿ ಪಂಪನ್ನೇ ಹಿಡಿದುಕೊಂಡರು.

ಭಾರತದಲ್ಲಿ ಸಿಪ್ಲಾ ಕಂಪನಿ 1976ರಲ್ಲಿ ಅಸ್ತಮಾದ ಒತ್ತು ಡಬ್ಬಿಗಳನ್ನು ತಯಾರಿಸಿ ಮಾರತೊಡಗಿತು. ಆದರೂ ನಮ್ಮ ಮನೆಗಳಲ್ಲಿ ಬಹುಕಾಲ ಮಾತ್ರೆ, ಸಿರಪ್ಪು, ಇಂಜೆಕ್ಷನ್ನುಗಳದ್ದೇ ರಾಜ್ಯಭಾರ. ಡೆರಿಫಿಲಿನ್ ಇಂಜೆಕ್ಷನ್ ಹಾಕಿಸಿಕೊಂಡು ಬಂದ ಮಾತು ನಿಮ್ಮ ಮನೆಯ ಹಿರಿಯರ ಬಾಯಿಂದ ನೀವೂ ಕೇಳಿರುತ್ತೀರಿ. ಪಂಪು ಹಿಡಿದರೆ ಅಭ್ಯಾಸವಾಗಿಬಿಡುತ್ತದೆ, ಅದು ಕಟ್ಟಕಡೆಯ ಔಷಧ, ಹೆಣ್ಣುಮಕ್ಕಳ ಕೈಲಿ ಕಂಡರೆ ಮದುವೆಯಾಗುವುದು ಕಷ್ಟ ಎಂಬ ಮಾತುಗಳೂ ಇದ್ದವು. ನಾನು ಕಲಿಸಿದ ಹುಡುಗಿಯೊಬ್ಬಳು ಪಂಪನ್ನು ಜಾಮಿಟ್ರಿ ಬಾಕ್ಸಿನೊಳಗೆ ಅಡಗಿಸಿಟ್ಟುಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು. ಆಟದ ಪೀರಿಯಡ್ಡಿಗೆ ಮುನ್ನ ನೀರು ಕುಡಿಯುವ ನೆಪದಲ್ಲಿ ಹೋಗಿ ಸೇದಿ ಬರುತ್ತಿದ್ದಳು. ಇಂದು ಆಕೆಯೇ ಇಬ್ಬರು ಮಕ್ಕಳ ತಾಯಿ. ಈ ಪುಟವನ್ನು ಓದುತ್ತಾಳೆ.

ಜೂನ್ ಬಂದರೆ ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿಗೆ ಮೀನಿನ ಔಷಧಕ್ಕೆ ಹೊರಡುವವರ ಸಾಲು ಬೇರೆ. ನಮ್ಮ ಕೊಪ್ಪಳ ಜಿಲ್ಲೆಯ ಕುಟುಗನಹಳ್ಳಿಯಲ್ಲೂ ಅದೇ ನಕ್ಷತ್ರದಲ್ಲಿ ಔಷಧ ಹಂಚುತ್ತಾರೆ. ನಂಬಿಕೆಯನ್ನು ಹಳಿಯುವುದು ನನ್ನ ಕೆಲಸವಲ್ಲ. ಅಲ್ಲಿಗೆ ಹೋಗಿ ಬಂದವರು ನಿತ್ಯದ ಔಷಧವನ್ನು ಬಿಟ್ಟುಬಿಡುತ್ತಾರಲ್ಲ, ನನ್ನ ಆತಂಕ ಅಷ್ಟರ ಮಟ್ಟಿನದು.

ಇನ್ನು ನಮ್ಮ ಊರಿನ ಮಾತು. ಬೆಂಗಳೂರಿನ ಹವೆಯೆಂದರೆ ಪಿಂಚಣಿದಾರರ ಸ್ವರ್ಗವೆಂದು ಹೆಸರು. ಉಸಿರುನಾಳಗಳಿಗೆ ಮಾತ್ರ ಅದು ಅಷ್ಟು ದಯಾಮಯಿಯಲ್ಲ. 1970ರ ದಶಕದಲ್ಲಿ ಖಾಲಿ ಸೈಟುಗಳಲ್ಲೆಲ್ಲ ಬೆಳೆದು ನಿಂತ ಕಾಂಗ್ರೆಸ್ ಹುಲ್ಲು, ಎಂದರೆ ಪಾರ್ಥೇನಿಯಂ, ನೆನಪಿದೆಯೇ? ಅದನ್ನು ತಿನ್ನಲೆಂದು ಮೆಕ್ಸಿಕೋದಿಂದ ತಂದ ಜೀರುಂಡೆಗಳನ್ನು 1984ರಲ್ಲಿ ಇಲ್ಲಿ ಬಿಡಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದವರ ಪೈಕಿ ಶೇಕಡ 7ರಷ್ಟು ಮಂದಿಗೆ ಈ ಗಿಡದ ಪರಾಗದಿಂದ ಮೂಗಿನ ಅಲರ್ಜಿ ಕಂಡುಬಂದಿತ್ತು.

ಮಕ್ಕಳ ಶ್ವಾಸಕೋಶ ತಜ್ಞರಾದ ಡಾ. ಎಚ್. ಪರಮೇಶ್ ಅವರ ಕೆಲಸವನ್ನು ಇಲ್ಲಿ ವಿಸ್ತಾರವಾಗಿ ಹೇಳಲೇಬೇಕು. ಅವರು ಇಪ್ಪತ್ತು ಸಾವಿರ ಮಕ್ಕಳ ಆಸ್ಪತ್ರೆ ದಾಖಲೆಗಳಿಂದ ಅಸ್ತಮಾದ ಪ್ರಮಾಣವನ್ನು ಐದೈದು ವರ್ಷಕ್ಕೊಮ್ಮೆ ಲೆಕ್ಕ ಹಾಕಿದರು. 1979ರಲ್ಲಿ ಶೇಕಡ 9, 1984ರಲ್ಲಿ 10.5, 1989ರಲ್ಲಿ 18.5, 1994ರಲ್ಲಿ 24.5, 1999ರಲ್ಲಿ 29.5. ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಡೀ ಊರಿನ ಲೆಕ್ಕವಲ್ಲ ಎಂಬುದನ್ನು ಮರೆಯಬಾರದು. ಅದಕ್ಕಾಗಿಯೇ ಇರಬಹುದು, ಅವರು 12 ಶಾಲೆಗಳ 6,550 ಮಕ್ಕಳನ್ನೂ ಪರೀಕ್ಷಿಸಿದರು. ವಾಹನ ಸಂಚಾರ ಕಡಿಮೆಯಿರುವ ಕಡೆಯ ಶಾಲೆಗಳಲ್ಲಿ ಶೇಕಡ 11.15, ಸಂಚಾರ ದಟ್ಟವಾಗಿರುವ ಕಡೆ 19.34. ಸಂಚಾರವೂ ದಟ್ಟವಾಗಿದ್ದು ಮನೆಯಲ್ಲಿ ಬಡತನವೂ ಇದ್ದ ಮಕ್ಕಳಲ್ಲಿ 31.14! ಹಳ್ಳಿಯ ಮಕ್ಕಳಲ್ಲಿ 5.7. ಈ ನಾಲ್ಕು ಸಂಖ್ಯೆಗಳನ್ನು ಮೊದಲ ಬಾರಿ ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ರಸ್ತೆಯ ಬದಿಯ ಶಾಲೆಗಳಲ್ಲಿ ಪಾಠ ಹೇಳಿದವನಿಗೆ ಮೂರನೆಯ ಗುಂಪಿನ ಮಕ್ಕಳ ಮುಖಗಳು ಗೊತ್ತಿರುತ್ತವೆ.

ವಯಸ್ಕರಲ್ಲಿಯೂ ಹೀಗೆಯೇ. ಚಂಡೀಗಢ, ದೆಹಲಿ, ಕಾನ್ಪುರ, ಬೆಂಗಳೂರು ಈ ನಾಲ್ಕು ಕೇಂದ್ರಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಬೆಂಗಳೂರಿನದೇ ಮೇಲುಗೈ, ಶೇಕಡ 3.47. ದೆಹಲಿಯ ಹೊಗೆಯನ್ನು ಆಡಿಕೊಳ್ಳುವ ನಾವು ಇದನ್ನೂ ತಿಳಿದಿರಬೇಕು. ಇಂದು ನಗರದ ವಾಹನಗಳ ಸಂಖ್ಯೆ ಕೋಟಿ ದಾಟಿದೆ. ನಮ್ಮ ತಿಲಕ್ ನಗರದ ಪಕ್ಕದಲ್ಲೇ ಜಯದೇವ ಮೇಲ್ಸೇತುವೆಯನ್ನು ಮೆಟ್ರೋಗಾಗಿ 2020ರಲ್ಲಿ ಕೆಡವಿ, 2024ರಲ್ಲಿ ಹೊಸದರ ಮೇಲೆ ವಾಹನ ಬಿಡುವವರೆಗೂ ನಾವು ಉಸಿರಾಡಿದ ಧೂಳನ್ನು ನಾನು ಹೇಳಬೇಕಾಗಿಲ್ಲ.

ಔಷಧದ ಬಳಕೆಯನ್ನು ತಗ್ಗಿಸುವ ಪ್ರಯತ್ನಗಳಲ್ಲಿಯೂ ಬೆಂಗಳೂರಿಗೆ ಸ್ಥಾನವಿದೆ. ಡಾ. ಆರ್. ನಾಗರತ್ನ ಮತ್ತು ಡಾ. ಎಚ್. ಆರ್. ನಾಗೇಂದ್ರ ಅವರು 53 ಮಂದಿ ಅಸ್ತಮಾ ರೋಗಿಗಳಿಗೆ ಎರಡು ವಾರ ಯೋಗ ಕಲಿಸಿ, ಮುಂದೆ ದಿನವೂ ಒಂದು ಗಂಟೆಗೂ ತುಸು ಹೆಚ್ಚು ಕಾಲ ಅಭ್ಯಾಸ ಮಾಡಿಸಿ, ಯೋಗ ಮಾಡದ ಅಷ್ಟೇ ಮಂದಿಯೊಡನೆ ಹೋಲಿಸಿದರು. ಉಬ್ಬಸದ ಸಂಖ್ಯೆಯೂ ಔಷಧದ ಬಳಕೆಯೂ ಇಳಿದವೆಂಬ ಈ ವರದಿ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ಯೋಗವನ್ನು ಔಷಧದ ಜೊತೆಗೆ ಮಾಡಿದ ಪ್ರಯೋಗವಿದು, ಔಷಧದ ಬದಲಿಗೆ ಅಲ್ಲ. ಈ ವ್ಯತ್ಯಾಸವನ್ನು ನಮ್ಮ ಭಾಷಣಕಾರರು ನುಂಗಿಬಿಡುತ್ತಾರೆ.

ಹೊರಗಿನ ಜಗತ್ತಿನಲ್ಲಿ ಈ ನಡುವೆ ಚರಿತ್ರೆ ಮರುಕಳಿಸಿತ್ತು. ನ್ಯೂಜಿಲೆಂಡಿನಲ್ಲಿ 1976ರಲ್ಲಿ ಫೆನೊಟೆರಾಲ್ ಎಂಬ ಹೊಸ ಉಪಶಮನದ ಪಂಪು ಬಂದ ಮೇಲೆ ಅಸ್ತಮಾ ಸಾವುಗಳು ಮತ್ತೆ ಏರಿದವು. ಕ್ರೇನ್, ಪಿಯರ್ಸ್, ಬೀಸ್ಲಿ ಮೊದಲಾದವರು 1989ರಲ್ಲಿ ಇವೆರಡರ ನಂಟನ್ನು ತೋರಿಸಿದರು. ಸರ್ಕಾರ ಅದರ ಬಳಕೆಯನ್ನು ನಿರ್ಬಂಧಿಸಿದೊಡನೆ ಸಾವುಗಳು ಇಳಿದವು. 1990ರಲ್ಲಿ ಅದೇ ದೇಶದ ಸಿಯರ್ಸ್ ಮತ್ತು ಸಂಗಡಿಗರು, ಬೇಕೆನಿಸಿದಾಗ ಮಾತ್ರ ಸೇದುವವರಿಗಿಂತ ದಿನವೂ ತಪ್ಪದೆ ಸೇದುವವರ ಅಸ್ತಮಾ ಹದಗೆಡುತ್ತದೆಂದು ತೋರಿಸಿದರು. 2000ದಲ್ಲಿ ಸುಯಿಸ್ಸಾ ಎಂಬ ಕೆನಡಾದ ಸಂಶೋಧಕರ ಲೆಕ್ಕ ಇನ್ನೊಂದು ಮಗ್ಗುಲನ್ನು ತೋರಿಸಿತು. ವರ್ಷದಲ್ಲಿ ಸೇದಿದ ಸ್ಟಿರಾಯ್ಡ್ ಡಬ್ಬಿಗಳಲ್ಲಿ ಒಂದೊಂದು ಹೆಚ್ಚಿದಂತೆಲ್ಲ ಅಸ್ತಮಾದಿಂದ ಸಾಯುವ ಪ್ರಮಾಣ ಶೇಕಡ 21ರಷ್ಟು ಇಳಿಯುತ್ತಿತ್ತು.

ಬ್ರಿಟನ್ನು 2014ರಲ್ಲಿ 195 ಅಸ್ತಮಾ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ ವರದಿ ಹೊರತಂದಿತು. ಉಪಶಮನದ ಪಂಪು ಪಡೆಯುತ್ತಿದ್ದವರಲ್ಲಿ ಶೇಕಡ 39 ಮಂದಿಗೆ ಸಾಯುವ ಹಿಂದಿನ ವರ್ಷದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಡಬ್ಬಿಗಳನ್ನು ಬರೆದುಕೊಡಲಾಗಿತ್ತು. ಕೆಲವರಿಗೆ ಐವತ್ತಕ್ಕೂ ಮೇಲೆ. ಅಷ್ಟು ಡಬ್ಬಿಗಳ ಚೀಟಿಗೆ ಸಹಿ ಬಿದ್ದರೂ ಏಕೆಂದು ಕೇಳಿದವರಿಲ್ಲ. ಸ್ವೀಡನ್ನಿನಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ನೋಡಿದ 2020ರ ಅಧ್ಯಯನವಂತೂ ಗೆರೆಯನ್ನು ಇನ್ನೂ ಕೆಳಗೆ ಎಳೆಯಿತು: ವರ್ಷಕ್ಕೆ ಮೂರು ಡಬ್ಬಿ ಅಥವಾ ಅದಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಉಲ್ಬಣದ ಅಪಾಯವೂ ಸಾವಿನ ಅಪಾಯವೂ ಹೆಚ್ಚು. ನನ್ನ ವಿದ್ಯಾರ್ಥಿಯದು ವರ್ಷಕ್ಕೆ ಇಪ್ಪತ್ನಾಲ್ಕು.

ಕೊನೆಗೆ 2019ರಲ್ಲಿ ಅಸ್ತಮಾ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 'ಜೀನಾ' ಒಂದು ದೊಡ್ಡ ಬದಲಾವಣೆ ಮಾಡಿತು. ವಯಸ್ಕರಿಗೂ ಹದಿಹರೆಯದವರಿಗೂ ನೀಲಿ ಪಂಪೊಂದನ್ನೇ ಕೊಡುವ ಚಿಕಿತ್ಸೆಯನ್ನು ಇನ್ನು ಶಿಫಾರಸು ಮಾಡುವುದಿಲ್ಲವೆಂದಿತು. ಐವತ್ತು ವರ್ಷಗಳ ರೂಢಿ ಅಲ್ಲಿಗೆ ಮುರಿಯಿತು. ಬುಡೆಸೊನೈಡ್ ಎಂಬ ಸ್ಟಿರಾಯ್ಡ್ ಮತ್ತು ಬೇಗ ಕೆಲಸ ಮಾಡುವ ಫಾರ್ಮೋಟೆರಾಲ್ ಎರಡೂ ಕೂಡಿರುವ ಒಂದೇ ಪಂಪನ್ನು ಉಬ್ಬಸ ಬಂದಾಗ ಸೇದುವ ಕ್ರಮಕ್ಕೆ ಅದು ಆದ್ಯತೆ ನೀಡಿತು. ಹಾಯೆನಿಸುವಾಗಲೆಲ್ಲ ಊತವನ್ನಿಳಿಸುವ ಔಷಧವೂ ತಾನಾಗಿ ಒಳಗೆ ಹೋಗುತ್ತದೆ. ಮನುಷ್ಯನ ಮರೆವನ್ನೂ ಅಸಡ್ಡೆಯನ್ನೂ ಒಪ್ಪಿಕೊಂಡೇ ಹೂಡಿದ ಉಪಾಯವಿದು, ನನಗಂತೂ ಬಹಳ ಹಿಡಿಸಿತು. ಈ ಜೋಡಿ ಔಷಧ ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿಯೂ ಇದೆ.

ನಮ್ಮ ದೇಶಕ್ಕೆ ಇದು ಬೇರೆಯವರಿಗಿಂತ ಹೆಚ್ಚು ಅಗತ್ಯ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಭಾರತದವರು ಸುಮಾರು ಶೇಕಡ 13. ಅಸ್ತಮಾದಿಂದ ಸಾಯುವವರಲ್ಲಿ ಭಾರತದವರು ಶೇಕಡ 40ಕ್ಕೂ ಹೆಚ್ಚೆಂದು 2019ರ ಜಾಗತಿಕ ಅಂದಾಜುಗಳು ಹೇಳುತ್ತವೆ. ನಮ್ಮಲ್ಲಿ ನೀಲಿ ಪಂಪಿನ ಅತಿಬಳಕೆಯ ಜೊತೆಗೆ ಪಂಪೇ ದೊರೆಯದವರ, ಮಾತ್ರೆಯಲ್ಲೇ ದಿನ ದೂಡುವವರ ಕಥೆಯೂ ಸೇರಿಕೊಂಡಿದೆ. ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಔಷಧವನ್ನು ಹಾಲಿನ ಪ್ಯಾಕೆಟ್ಟಿನಂತೆ ಕೊಟ್ಟು ಕಳಿಸುವುದು ಎಲ್ಲ ಬಡಾವಣೆಗಳಲ್ಲೂ ನಡೆದಿದೆ. ರಾತ್ರಿ ಹನ್ನೊಂದಕ್ಕೆ ಉಸಿರು ಸಿಗದೆ ಬಂದವನಿಗೆ ಅಂಗಡಿಯವನು ಇಲ್ಲವೆನ್ನಬೇಕೇ? ಅದನ್ನೂ ಹೇಳಲಾರೆ. ಆದರೆ ಅದೇ ಮುಖ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರೆ ಒಂದು ಮಾತು ಕೇಳಬಹುದಲ್ಲ.

ಸ್ಟಿರಾಯ್ಡ್ ಎಂದೊಡನೆ ಹೆದರುವ ನನ್ನ ತಂಗಿಯರಿಗಾಗಿ ಒಂದು ಮಾತು. ಸೇದುವ ಔಷಧದ ಅಳತೆ ಮೈಕ್ರೋಗ್ರಾಂಗಳಲ್ಲಿ, ನುಂಗುವ ಮಾತ್ರೆಯದು ಮಿಲಿಗ್ರಾಂಗಳಲ್ಲಿ. ಬೇರೆ ಬೇರೆ ಔಷಧಗಳಾದ್ದರಿಂದ ನೇರ ಹೋಲಿಕೆ ಸಲ್ಲದಾದರೂ, ಸೇದಿದ್ದು ಬಹುಪಾಲು ಉಸಿರುನಾಳದಲ್ಲೇ ಕೆಲಸ ಮಾಡುತ್ತದೆ. ಸೇದಿದ ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ಬಾಯಲ್ಲಿ ಬೂಷ್ಟು ಬರಬಹುದು. ಹಾಗೆಯೇ, ಇದನ್ನೋದಿ ಯಾರೂ ನೀಲಿ ಪಂಪನ್ನು ಕಸದ ಬುಟ್ಟಿಗೆ ಎಸೆಯಬಾರದು. ಉಸಿರು ಕಟ್ಟಿದ ಗಳಿಗೆಯಲ್ಲಿ ಜೀವ ಉಳಿಸುವುದು ಅದೇ. ಬದಲಾವಣೆ ವೈದ್ಯರ ಕೈಯಿಂದಲೇ ಆಗಬೇಕು. ಮಾತನಾಡಲೂ ಆಗದಷ್ಟು ಉಬ್ಬಸವಿದ್ದರೆ, ಪಂಪಿನ ಹಾಯಿ ಗಂಟೆಗಳೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಮ್ಮ ಕಡೆಯವರಿಗೆ ಸೋಮೇಶ್ವರನಗರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಹಿಂದಿನ ಎಸ್.ಡಿ.ಎಸ್. ಸ್ಯಾನಿಟೋರಿಯಂ, ಆಟೋದಲ್ಲಿ ಹೋಗುವಷ್ಟು ಹತ್ತಿರದಲ್ಲೇ ಇದೆ. ಅಲ್ಲಿ ಕ್ಷಯಕ್ಕೆ ಮಾತ್ರ ನೋಡುತ್ತಾರೆಂಬುದು ಹಳೆಯ ತಪ್ಪು ಕಲ್ಪನೆ.

ಆ ವಿದ್ಯಾರ್ಥಿಗೆ ನಾನು ಹೇಳಿದ್ದು ಒಂದೇ ಕೆಲಸ. ಹೊಸ ಡಬ್ಬಿ ಕೊಂಡ ದಿನ ಅದರ ಮೇಲೆ ಬಾಲ್ ಪೆನ್ನಿನಿಂದ ತಾರೀಖು ಬರೆಯಬೇಕು, ಖಾಲಿಯಾದದ್ದನ್ನು ಎಸೆಯದೆ ಒಂದು ಚೀಲದಲ್ಲಿ ಕೂಡಿಡಬೇಕು. ಡಬ್ಬಿಯನ್ನು ನೀರಿನಲ್ಲಿ ತೇಲಿಸಿ ಎಷ್ಟು ಉಳಿದಿದೆಯೆಂದು ನೋಡುವ ಹಳೆಯ ಪದ್ಧತಿಯನ್ನು ನಂಬಬಾರದು. ಮೂರು ತಿಂಗಳ ನಂತರ ಆ ಚೀಲವನ್ನು ಹಾಗೆಯೇ ಒಯ್ದು ವೈದ್ಯರ ಮೇಜಿನ ಮೇಲೆ ಸುರಿ ಎಂದೆ. ಮೂರು ತಿಂಗಳು ಕಾಯುವುದೇಕೆಂದು ಅವನ ಹೆಂಡತಿಯೇ ಅಟ್ಟದ ಮೇಲಿದ್ದ ಹಳೆಯ ಡಬ್ಬಿಗಳನ್ನೆಲ್ಲ ಎಣಿಸಿದಳಂತೆ. ಹತ್ತೊಂಬತ್ತು ಸಿಕ್ಕವು. ಮರುವಾರವೇ ಇಬ್ಬರೂ ಹೋಗಿ ತೋರಿಸಿಕೊಂಡು ಬಂದರು.